ಮೀಸೆ ಸವೆದ ಕೋರಿಗಳು: ಒಂದು ಮನೆಯ ಟ್ಯಾಂಕಿನ ಪ್ರಕರಣ

ಅಕ್ವೇರಿಯಂನಲ್ಲಿ ಮೀನು ಸಾಕುವ ಮನೆಯವರ ದೂರು ಇದ್ದದ್ದು ಇಷ್ಟು. ಟ್ಯಾಂಕಿನಲ್ಲಿರುವ ನಾಲ್ಕು ಕಂಚಿನ ಬಣ್ಣದ ಕೋರಿಗಳಿಗೂ ಮೀಸೆ ಚಿಕ್ಕದಾಗುತ್ತಾ ಬಂದಿದೆ, ಒಂದಕ್ಕಂತೂ ಬುಡ ಬಿಟ್ಟರೆ ಏನೂ ಉಳಿದಿಲ್ಲ, ತಳದ ಕಲ್ಲು ಚುಚ್ಚಿ ಹೀಗಾಗಿದೆ ಅಂತ ಎಲ್ಲರೂ ಹೇಳ್ತಾರೆ, ಕಲ್ಲು ತೆಗೆದು ಮರಳು ಹಾಕಿದರೆ ಸರಿಹೋಗುತ್ತಾ? ಮೊದಲು ಆರು ಇದ್ದವು. ಎರಡು ಸತ್ತಿವೆ.

ಕೋರಿ ಅಂದರೆ ಕೊರಿಡೊರಾಸ್. ದಕ್ಷಿಣ ಅಮೆರಿಕದ ಪುಟ್ಟ ಕ್ಯಾಟ್‌ಫಿಶ್. ಮೈ ಎರಡೂ ಬದಿಗೆ ಎರಡೆರಡು ಸಾಲು ಮೂಳೆಯ ಫಲಕ, ಬಾಯಿಯ ಸುತ್ತ ಮೀಸೆ, ಯಾರ ತಂಟೆಗೂ ಹೋಗದ ಸ್ವಭಾವ. ಕಂಚಿನ ಕೋರಿ 6-7 ಸೆಂಟಿಮೀಟರ್ ಆಗುತ್ತದೆ, ಪಾಂಡಾ ಕೋರಿ 5ರ ಹತ್ತಿರ, ಪಿಗ್ಮಿ ಕೋರಿ ಎರಡೂವರೆ ಸೆಂಟಿಮೀಟರ್ ಅಷ್ಟೇ. (2024ರಲ್ಲಿ ಈ ಕುಲವನ್ನು ಒಡೆದು ಹಲವು ಕುಲ ಮಾಡಿದ್ದಾರೆ. ಕಂಚಿನ ಕೋರಿ ಈಗ ಆಸ್ಟಿಯೋಗ್ಯಾಸ್ಟರ್ ಈನಿಯಾ. ಸಾಕುವವರ ಬಾಯಲ್ಲಿ ಅದು ಕೋರಿಯಾಗಿಯೇ ಇರುತ್ತದೆ, ನಾನೂ ಹಾಗೇ ಬರೆಯುತ್ತೇನೆ.)

ಈಗ ಕಲ್ಲಿನ ವಿಚಾರ. ಈ ಟ್ಯಾಂಕಿನಲ್ಲಿದ್ದದ್ದು ಬಣ್ಣ ಹಚ್ಚಿದ, ಬಟಾಣಿ ಗಾತ್ರದ ದುಂಡು ಕಲ್ಲು. ಒಂದು ಹಿಡಿ ತೆಗೆದು ಅಂಗೈಯಲ್ಲಿ ಗಟ್ಟಿಯಾಗಿ ಉಜ್ಜಿದರೂ ಎಲ್ಲೂ ಚುಚ್ಚಲಿಲ್ಲ. ಒಂದೇ ಒಂದು ಚೂಪಾದ ಅಂಚಿಲ್ಲ. ಇಂಥ ಕಲ್ಲಿಗೆ ಮೀಸೆ ಹರಿಯುವುದಿಲ್ಲ. ಹಾಗಾದರೆ ಹರಿದದ್ದು ಯಾವುದಕ್ಕೆ ಅನ್ನುವುದೇ ಈ ಪ್ರಕರಣ.

ಟ್ಯಾಂಕು ಹೇಗಿತ್ತು

ಉದ್ದ 60, ಅಗಲ 30, ಎತ್ತರ 36 ಸೆಂಟಿಮೀಟರ್. ಲೆಕ್ಕಕ್ಕೆ 65 ಲೀಟರ್ ಹತ್ತಿರ, ಕಲ್ಲು ಮತ್ತು ಮೇಲಿನ ಜಾಗ ಕಳೆದರೆ ನಿಜವಾದ ನೀರು 50 ಲೀಟರ್ ದಾಟುವುದಿಲ್ಲ. ಒಳಗೆ ನಾಲ್ಕು ಕೋರಿ, ಹತ್ತು ಟೆಟ್ರಾ (ಗುಂಪಾಗಿ ಈಜುವ ಪುಟ್ಟ ಮೀನು), ಮತ್ತೆ ಗೇಣುದ್ದಕ್ಕೆ ಸ್ವಲ್ಪ ಕಡಿಮೆ ಇರುವ ಒಂದು ಪ್ಲೆಕೊ (ಬಾಯಿಯಿಂದ ಗಾಜಿಗೆ ಅಂಟಿಕೊಳ್ಳುವ ಇನ್ನೊಂದು ಕ್ಯಾಟ್‌ಫಿಶ್). ಮೂಲೆಯಲ್ಲಿ ಒಳಗಡೆ ಕೂರಿಸುವ ಸಣ್ಣ ಫಿಲ್ಟರ್. ಹೀಟರ್ 29 ಡಿಗ್ರಿಗೆ ಇಟ್ಟಿದ್ದರು. ಯಾವಾಗಲೋ ಬಿಳಿ ಚುಕ್ಕೆ ರೋಗ ಬಂದಾಗ ಏರಿಸಿದ್ದು, ರೋಗ ಹೋದ ಮೇಲೂ ಯಾರೂ ಇಳಿಸಿರಲಿಲ್ಲ. ಕಂಚಿನ ಕೋರಿಗೆ 22ರಿಂದ 26 ಸಾಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಕೊಳೆಯುವುದು ಜಾಸ್ತಿ.

ಕಲ್ಲಿನ ಪದರ ಎಂಟು ಸೆಂಟಿಮೀಟರ್ ದಪ್ಪ. ನೋಡೋಕೆ ಚೆಂದ. ತಳದ ಕಸ ಎಳೆಯುವ ಸೈಫನ್ ಕೊಳವೆ ಒಳಗೆ ಚುಚ್ಚಿದ ಕೂಡಲೇ ಕಂದು ಬಣ್ಣದ ಮಡ್ಡಿ ಎದ್ದು ಬಂತು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆ ಹೈಡ್ರೋಜನ್ ಸಲ್ಫೈಡ್‌ದು. ಗಾಳಿಯೇ ತಲುಪದ ಜಾಗದಲ್ಲಿ ಕಸ ಕೊಳೆತಾಗ ಹುಟ್ಟುವ ಅನಿಲ. ಮೇಲಿಂದ ನೋಡಿದರೆ ಟ್ಯಾಂಕು ಥಳಥಳ, ಕಸ ಗುಡಿಸಿ ಚಾಪೆ ಕೆಳಗೆ ತಳ್ಳಿದ ಹಾಗೆ ಎಲ್ಲವೂ ಕಲ್ಲಿನ ಸಂದಿಯಲ್ಲಿ ಕೂತಿತ್ತು.

ಇಷ್ಟು ಕಸ ಬಂದದ್ದೆಲ್ಲಿಂದ? ಕೋರಿಗಳನ್ನು ತಂದದ್ದೇ "ತಳ ಕ್ಲೀನ್ ಮಾಡುತ್ತವೆ" ಅನ್ನುವ ಮಾತು ನಂಬಿ. ಮಾರಿದವರು ಹಾಗೆ ಹೇಳಿದ್ದರು, ಇವರು ಹಾಗೇ ನಡೆದುಕೊಂಡರು. ಕೋರಿಗೆ ಅಂತ ಬೇರೆ ಆಹಾರ ಇಲ್ಲ. ಮೇಲೆ ತೇಲುವ ಫ್ಲೇಕ್ಸ್ ಮಾತ್ರ, ದಿನಕ್ಕೆ ಎರಡು ಸಲ, ಅದೂ "ಕೆಳಗಿನವುಗಳಿಗೂ ಸ್ವಲ್ಪ ಸಿಗಲಿ" ಅಂತ ಕೈ ಬಿಚ್ಚಿ. ಟೆಟ್ರಾಗಳು ಹೊಟ್ಟೆ ಬಿರಿಯೆ ತಿಂದು ಬಿಟ್ಟ ಚೂರುಗಳು ಕಲ್ಲಿನ ಸಂದಿಗೆ ಇಳಿಯುತ್ತಿದ್ದವು. ದೊಡ್ಡ ಕಲ್ಲಿನ ಸಂದಿಯಿಂದ ಅದನ್ನು ಎತ್ತುವುದು ಕೋರಿಯ ಬಾಯಿಗೆ ಆಗದ ಕೆಲಸ. ವಾಸನೆ ಬರುತ್ತದೆ, ಆಹಾರ ಸಿಗುವುದಿಲ್ಲ. ಹಾಗಾಗಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಮೂತಿ ತೂರಿಸುತ್ತಾ, ಮೀಸೆಯನ್ನು ಆ ಕೊಳೆಯಲ್ಲಿ ಅದ್ದುತ್ತಾ ದಿನ ಕಳೆಯುತ್ತಿದ್ದವು. ಮೀನಿನ ಹಿಕ್ಕೆಯನ್ನು ಕೋರಿ ತಿನ್ನುವುದಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಹೊಟ್ಟೆಯ ಕೆಳಗೆ ನೋಡಿದರೆ ನಾಲ್ಕೂ ಸೊರಗಿದ್ದವು. ಗಾಜಿನ ಪಕ್ಕದಲ್ಲೇ ಕೂತಾಗ ಕೆಳಗಿನಿಂದ ನೋಡಬೇಕು, ಮೇಲಿಂದ ಫಲಕದ ಹೊದಿಕೆ ಇರುವುದರಿಂದ ಕೋರಿ ಸೊರಗಿದ್ದು ಬೇಗ ಗೊತ್ತಾಗುವುದಿಲ್ಲ. ಎರಡರ ಹೊಟ್ಟೆಯಲ್ಲಿ ಕೆಂಪು ಕಲೆ ಇತ್ತು. ನಾಲ್ಕೂ ಪದೇ ಪದೇ ರಪ್ಪನೆ ಮೇಲೆ ಹೋಗಿ ಗಾಳಿ ನುಂಗಿ ಬರುತ್ತಿದ್ದವು. ಮನೆಯವರು ಅದನ್ನು ಆಟ ಅಂದುಕೊಂಡಿದ್ದರು. ಕೋರಿ ಮೇಲೆ ಬಂದು ಗಾಳಿ ನುಂಗುವುದು ಸಹಜವೇ, ನುಂಗಿದ ಗಾಳಿಯ ಆಮ್ಲಜನಕವನ್ನು ಕರುಳಿನ ಹಿಂಭಾಗದಲ್ಲಿ ಹೀರಿಕೊಂಡು ಉಳಿದದ್ದನ್ನು ಹಿಂದಿನಿಂದ ಬಿಡುತ್ತದೆ. ಅದಕ್ಕೇ ನೀರಿಗೂ ಮುಚ್ಚಳಕ್ಕೂ ನಡುವೆ ಜಾಗ ಬಿಡಬೇಕು. ಆದರೆ ಆಗೊಮ್ಮೆ ಈಗೊಮ್ಮೆ ಹೋಗುವುದು ಬೇರೆ, ಬಿಡುವಿಲ್ಲದೆ ಹೋಗುವುದು ಬೇರೆ. ಜೊತೆಗೆ ಕಿವಿರು ಜೋರಾಗಿ ಆಡುತ್ತಿದ್ದರೆ ಅದು ಆಟ ಅಲ್ಲ.

ಎರಡು ಸಾವು ಮತ್ತು ಅದರಿಂದ ಹುಟ್ಟಿದ ನಂಬಿಕೆ

ನನಗೆ ಇಡೀ ಪ್ರಕರಣದಲ್ಲಿ ಮುಖ್ಯ ಅನ್ನಿಸಿದ್ದು ಮೀಸೆಯಲ್ಲ, ಸತ್ತ ಎರಡು ಮೀನು ಯಾವಾಗ ಸತ್ತವು ಅನ್ನುವುದು. ಕೇಳಿದಾಗ ಸಿಕ್ಕ ಉತ್ತರ: ಎರಡೂ ನೀರು ಬದಲಿಸಿದ ಮರುದಿನ. ಎರಡು ತಿಂಗಳಿಗೊಮ್ಮೆ ಮೂರರಲ್ಲಿ ಎರಡು ಪಾಲು ನೀರು ತೆಗೆದು ಹೊಸದು ತುಂಬುವುದು ಇವರ ಪದ್ಧತಿ. ಒಂದು ಸಲ ಹಾಗೆ ಮಾಡಿದ ಮರುದಿನ ಒಂದು ಸತ್ತಿತು, ಮುಂದಿನ ಸಲ ಇನ್ನೊಂದು. ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ನೀರು ತುಂಬಿದ್ದರು, ಹಾಗಾಗಿ ಕ್ಲೋರಿನ್ ಮೇಲೆ ಅನುಮಾನ ಇಲ್ಲ. ಅಲ್ಲಿಗೆ ಅವರು ಒಂದು ತೀರ್ಮಾನಕ್ಕೆ ಬಂದರು, ಕೋರಿಗೆ ಹೊಸ ನೀರು ಆಗುವುದಿಲ್ಲ ಅಂತ. ಆಮೇಲೆ ನೀರು ಬದಲಿಸುವುದನ್ನೇ ನಿಲ್ಲಿಸಿ, ಆರಿಹೋದಷ್ಟು ಮಾತ್ರ ತುಂಬುತ್ತಿದ್ದರು.

ಕಣ್ಣಿಗೆ ಕಂಡದ್ದನ್ನೇ ನಂಬಿದ್ದಾರೆ, ತಪ್ಪು ಅನ್ನಲಾಗದು. ಆದರೆ ನೀರಿನ ಪರೀಕ್ಷೆ ಬೇರೆ ಕಥೆ ಹೇಳಿತು. ಟ್ಯಾಂಕಿನ ನೀರಿನ ಪಿಎಚ್ (ನೀರು ಎಷ್ಟು ಹುಳಿ ಅನ್ನುವ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) 6.4. ನಲ್ಲಿ ನೀರನ್ನು ಒಂದು ರಾತ್ರಿ ಹೊರಗಿಟ್ಟು ಅಳೆದರೆ 7.6. ಟ್ಯಾಂಕಿನಲ್ಲಿ ಅಮೋನಿಯಾ 1 ಪಿಪಿಎಂ (ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ), ನೈಟ್ರೈಟ್ ಸೊನ್ನೆ, ನೈಟ್ರೇಟ್ 80ಕ್ಕಿಂತ ಮೇಲೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಕೊಳೆತ ಆಹಾರದಿಂದ ಅಮೋನಿಯಾ ಬರುತ್ತದೆ. ಫಿಲ್ಟರಿನಲ್ಲಿ, ಕಲ್ಲಿನ ಮೇಲೆ ಇರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸ ನಡೆಯುವಾಗ ಆಮ್ಲ ಹುಟ್ಟುತ್ತದೆ. ನೀರಿನಲ್ಲಿರುವ ಕಾರ್ಬೊನೇಟ್ ಆ ಆಮ್ಲವನ್ನು ತಡೆಯುತ್ತದೆ, ಆದರೆ ತಡೆಯುತ್ತಾ ತಡೆಯುತ್ತಾ ಅದೇ ಖಾಲಿಯಾಗುತ್ತದೆ. ಹೊಸ ನೀರು ಬರುತ್ತಿದ್ದರೆ ಮತ್ತೆ ತುಂಬಿಕೊಳ್ಳುತ್ತದೆ. ಬರದಿದ್ದರೆ ಪಿಎಚ್ ಇಳಿಯುತ್ತಾ ಹೋಗುತ್ತದೆ, ಇಳಿದಷ್ಟೂ ಬ್ಯಾಕ್ಟೀರಿಯಾಗಳ ಕೆಲಸ ಮಂದವಾಗುತ್ತದೆ, ಅಮೋನಿಯಾ ಉಳಿಯುತ್ತದೆ. ಸಾಲದ್ದಕ್ಕೆ ಇವರು ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡುತ್ತಿದ್ದರು, ಕ್ಲೋರಿನ್ ಇರುವ ನೀರಿನಲ್ಲಿ. ಬ್ಯಾಕ್ಟೀರಿಯಾ ಅರ್ಧ ಅಲ್ಲೇ ಹೋಗಿರಬೇಕು.

ಹಾಗಾದರೆ 1 ಪಿಪಿಎಂ ಅಮೋನಿಯಾದಲ್ಲಿ ಮೀನು ಬದುಕಿದ್ದು ಹೇಗೆ? ಪಿಎಚ್ ಕಡಿಮೆ ಇದ್ದಾಗ ಅಮೋನಿಯಾದ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷ ತೀರಾ ಕಡಿಮೆ. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷಕಾರಿ ರೂಪದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಈಗ ಲೆಕ್ಕ ಹಾಕಿ. ಎರಡು ತಿಂಗಳ ಹಳೆಯ ಹುಳಿ ನೀರಿಗೆ ಒಂದೇ ಸಲ ಮೂರರಲ್ಲಿ ಎರಡು ಪಾಲು ಹೊಸ ನೀರು ಸುರಿದಾಗ ಪಿಎಚ್ ಗಂಟೆಯೊಳಗೆ ಏರಿತು, ಸುಮ್ನೆ ಕೂತಿದ್ದ ಅಮೋನಿಯಂನಲ್ಲಿ ಒಂದು ಪಾಲು ವಿಷಕಾರಿ ಅಮೋನಿಯಾ ಆಗಿ ಕಿವಿರು ಸುಟ್ಟಿರಬೇಕು. ಅದರ ಮೇಲೆ ಉಪ್ಪು-ಖನಿಜದ ಪ್ರಮಾಣವೂ ಒಮ್ಮೆಗೇ ಬದಲಾದದ್ದು ಇನ್ನೊಂದು ಪೆಟ್ಟು. ಸಾಯಿಸಿದ್ದು ಹೊಸ ನೀರಲ್ಲ, ಅದನ್ನು ಅಷ್ಟು ತಡವಾಗಿ ಅಷ್ಟು ಜಾಸ್ತಿ ಸುರಿದದ್ದು.

ಇದು ಗೊತ್ತಿಲ್ಲದೆ "ಮರಳು ಹಾಕಿ" ಅಂತ ಸಲಹೆ ಕೊಟ್ಟಿದ್ದರೆ ಏನಾಗುತ್ತಿತ್ತು? ಒಂದು ಭಾನುವಾರ ಕೂತು ಕಲ್ಲೆಲ್ಲ ಎತ್ತಿ, ಆ ಮಡ್ಡಿಯನ್ನೆಲ್ಲ ಕಲಕಿ, ಪೂರ್ತಿ ಹೊಸ ನೀರು ತುಂಬುತ್ತಿದ್ದರು. ಸೋಮವಾರಕ್ಕೆ ಒಂದು ಕೋರಿಯೂ ಉಳಿಯುತ್ತಿರಲಿಲ್ಲ ಅನ್ನುವುದು ನನ್ನ ಅಂದಾಜು.

ಬೇರೆ ಅನುಮಾನಗಳು

ಟೆಟ್ರಾಗಳು ಕಚ್ಚಿರಬಹುದಾ ಅಂತ ನೋಡಿದೆವು. ಕಚ್ಚುವ ಮೀನಿದ್ದರೆ ಮೊದಲು ಹರಿಯುವುದು ಬಾಲ ಮತ್ತು ಬೆನ್ನಿನ ರೆಕ್ಕೆ. ಇಲ್ಲಿ ರೆಕ್ಕೆಗಳು ಪೂರ್ತಿ ಇದ್ದವು. ಪ್ಲೆಕೊ ಕೂಡ ಕಾರಣ ಅಲ್ಲ, ಆದರೆ ಅದರ ಹಿಕ್ಕೆಯ ರಾಶಿ ನೋಡಿದರೆ ನೈಟ್ರೇಟ್ ಏರಲು ಅದರ ಪಾಲು ದೊಡ್ಡದೇ. ಕಲ್ಲಿನ ಬಗ್ಗೆ ಕೊನೆಯ ಅನುಮಾನ ಹೋದದ್ದು ಒಂದು ಸಣ್ಣ ಸಂಗತಿಯಿಂದ: ಮೀಸೆ ಪೂರ್ತಿ ಹೋಗಿದ್ದ ಮೀನು ಯಾವಾಗಲೂ ಇರುತ್ತಿದ್ದದ್ದು ಫಿಲ್ಟರಿನ ಹರಿವು ತಲುಪದ ಹಿಂದಿನ ಮೂಲೆಯಲ್ಲಿ. ಕೊಳವೆ ಚುಚ್ಚಿದಾಗ ಎಲ್ಲಕ್ಕಿಂತ ಜಾಸ್ತಿ ಮಡ್ಡಿ ಎದ್ದದ್ದೂ ಅಲ್ಲೇ. ಕಲ್ಲು ಎಲ್ಲ ಕಡೆ ಒಂದೇ ಥರ ಇತ್ತು, ಕೊಳೆ ಮಾತ್ರ ಒಂದೇ ಥರ ಇರಲಿಲ್ಲ.

ಅಂದರೆ ಚೂಪು ಕಲ್ಲಿನಿಂದ ತೊಂದರೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಡೆದ ಗಾಜಿನಂಥ ಅಂಚಿರುವ ಕಲ್ಲು ಗಾಯ ಮಾಡುತ್ತದೆ, ಗಾಯಕ್ಕೆ ಬ್ಯಾಕ್ಟೀರಿಯಾ ಹತ್ತುತ್ತದೆ. ಆದರೆ ಗಾಯ ಇಲ್ಲದೆಯೂ ಬರೀ ಕೊಳೆಯಲ್ಲೇ ಮೀಸೆ ಕೊಳೆತು ಹೋಗಬಹುದು, ಮರಳಿದ್ದ ಟ್ಯಾಂಕಿನಲ್ಲೂ ಅಷ್ಟೇ.

ಮಾಡಿದ್ದೇನು

ಮೊದಲು ಆಹಾರ. ಒಂದು ವಾರ ದಿನಕ್ಕೊಮ್ಮೆ, ಚಿಟಿಕೆಯಷ್ಟು ಮಾತ್ರ. ಮೀನು ಸೊರಗಿರುವಾಗ ಆಹಾರ ಕಡಿಮೆ ಮಾಡುವುದಾ ಅಂತ ಮನೆಯವರು ಗೊಣಗಿದರು, ನ್ಯಾಯವೇ. ಆದರೆ ಮೊದಲು ಅಮೋನಿಯಾ ಇಳಿಯಬೇಕಿತ್ತು. ಆ ಚಿಟಿಕೆಯೂ ಮುಳುಗುವ ಗುಳಿಗೆಯೇ, ದೀಪ ಆರಿಸಿದ ಮೇಲೆ, ಟೆಟ್ರಾಗಳು ಮಂಕಾದಾಗ. ಬೆಳಿಗ್ಗೆ ಉಳಿದಿದ್ದರೆ ಎತ್ತಿ ಹೊರಗೆ.

ಔಷಧಿ ಎಲ್ಲ ಬಂದ್. ಕೆಂಪು ಕಲೆಗೆ ಅಂತ ಒಂದು ನೀಲಿ ದ್ರಾವಣ, ಜೊತೆಗೆ ಉಪ್ಪು ಹಾಕುತ್ತಿದ್ದರು. ಉಪ್ಪು, ಫಾರ್ಮಲಿನ್, ಮ್ಯಾಲಕೈಟ್ ಗ್ರೀನ್ ಇಂಥವಕ್ಕೆಲ್ಲ ಕೋರಿ ಬೇರೆ ಮೀನಿಗಿಂತ ಬೇಗ ಸೋಲುತ್ತದೆ ಅನ್ನುವುದು ಸಾಕುವವರ ಸಾಮಾನ್ಯ ಎಚ್ಚರಿಕೆ. ನೀರು ಇಷ್ಟು ಕೆಟ್ಟಿರುವಾಗ ಮೇಲಿಂದ ಔಷಧಿ ಸುರಿಯುವುದರಲ್ಲಿ ಅರ್ಥವೂ ಇರಲಿಲ್ಲ.

ನೀರನ್ನು ದಿನಕ್ಕೆ ಹತ್ತರಲ್ಲಿ ಒಂದು ಪಾಲು ಮಾತ್ರ ಬದಲಿಸಿದರು. ಕ್ಲೋರಿನ್ ತೆಗೆದು, ಅಮೋನಿಯಾವನ್ನೂ ಹಿಡಿದಿಡುವ ದ್ರಾವಣ ಹಾಕಿ, ಟ್ಯಾಂಕಿನಷ್ಟೇ ಬೆಚ್ಚಗಿರುವ ನೀರನ್ನು ನಿಧಾನಕ್ಕೆ. ಹೀಟರ್ ದಿನಕ್ಕೆ ಅರ್ಧ ಡಿಗ್ರಿಯಂತೆ ಇಳಿಸಿ 25ಕ್ಕೆ ತಂದರು. ಗಾಳಿ ಪಂಪಿಗೆ ಒಂದು ಸ್ಪಂಜ್ ಫಿಲ್ಟರ್ ಜೋಡಿಸಿ ಆ ಹಿಂದಿನ ಮೂಲೆಗೇ ಇಟ್ಟರು. ಹಳೆ ಫಿಲ್ಟರಿನ ಸ್ಪಂಜನ್ನು ಮುಟ್ಟಲಿಲ್ಲ. ಮುಂದೆ ತೊಳೆಯಬೇಕಾದಾಗಲೂ ಟ್ಯಾಂಕಿನಿಂದ ತೆಗೆದ ನೀರಿನಲ್ಲಿ ಒಂದೆರಡು ಸಲ ಅದ್ದಿ ಹಿಂಡಿದರೆ ಸಾಕು.

ಮೊದಲ ವಾರದ ಕೊನೆಗೆ ಅಮೋನಿಯಾ 0.25ಕ್ಕೆ ಇಳಿದಿತ್ತು, ಪಿಎಚ್ 6.8. ಇದರ ನಡುವೆ ಹೊಟ್ಟೆ ತುಂಬಾ ಕೆಂಪಾಗಿದ್ದ ಒಂದು ಕೋರಿ ಸತ್ತಿತು. ಅದನ್ನು ಉಳಿಸಬಹುದಿತ್ತು ಅಂತ ನನಗನ್ನಿಸುವುದಿಲ್ಲ.

ಕಲ್ಲಿಗೆ ಕೈ ಹಾಕಿದ್ದು ಅಮೋನಿಯಾ ಸೊನ್ನೆ ತೋರಿಸಿದ ಮೇಲೆ. ವಾರಕ್ಕೆ ಕಾಲು ಭಾಗ. ದೊಡ್ಡ ಬಾಯಿಯ ಕೊಳವೆ ಹಾಕಿ ನೀರಿನ ಜೊತೆಗೇ ಕಲ್ಲನ್ನೂ ಮಡ್ಡಿಯನ್ನೂ ಹೊರಗೆ ಎಳೆದುಬಿಟ್ಟರೆ ಟ್ಯಾಂಕಿನೊಳಗೆ ಕಲಕುವುದು ಕಡಿಮೆ. ಒಂದೇ ದಿನ ತೆಗೆದರೆ ಕಲ್ಲಿಗೆ ಅಂಟಿದ ಬ್ಯಾಕ್ಟೀರಿಯಾವೂ ಒಟ್ಟಿಗೆ ಹೋಗುತ್ತದೆ, ಸಿಕ್ಕಿಕೊಂಡ ಅನಿಲವೂ ಒಟ್ಟಿಗೆ ಬಿಡುಗಡೆಯಾಗುತ್ತದೆ. ಖಾಲಿಯಾದ ಜಾಗಕ್ಕೆ ದುಂಡು ಕಣದ ನಯ ಮರಳು, ನೀರು ತಿಳಿಯಾಗುವವರೆಗೆ ತೊಳೆದು, ಎರಡು-ಮೂರು ಸೆಂಟಿಮೀಟರ್ ಮಾತ್ರ. ಎಂಟು ಸೆಂಟಿಮೀಟರ್ ಮರಳು ಹಾಕಿದರೆ ಹಳೆ ಕಥೆಯೇ ಮತ್ತೆ.

ಮರಳು ಬೇಕಾದದ್ದು ಮೀಸೆಗೆ ಮೆತ್ತಗಿರಲಿ ಅಂತ ಮಾತ್ರ ಅಲ್ಲ. ಕೋರಿ ತಿನ್ನುವ ರೀತಿಯೇ ಅದು. ಬಾಯಿ ತುಂಬಾ ಮರಳು ತೆಗೆದುಕೊಂಡು, ಒಳಗೆ ಜಾಲಿಸಿ, ತಿನ್ನುವುದನ್ನು ಇಟ್ಟುಕೊಂಡು ಮರಳನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ಮೊದಲ ಕಾಲು ಭಾಗಕ್ಕೆ ಮರಳು ಬಿದ್ದ ಸಂಜೆಯೇ ಮೂರೂ ಆ ಪಟ್ಟಿಯ ಮೇಲೆ ಸೇರಿಕೊಂಡು ಕಣ್ಣಿನವರೆಗೆ ಮೂತಿ ಹೂತು ಜಾಲಿಸತೊಡಗಿದವು. ಕಲ್ಲಿರುವ ಕಡೆಗೆ ಮತ್ತೆ ಹೋಗಲೇ ಇಲ್ಲ. ಮೇಲಾಗಿ ಮರಳಿನಲ್ಲಿ ಕಸ ಒಳಗಿಳಿಯದೆ ಮೇಲೇ ಕೂರುತ್ತದೆ, ಕಣ್ಣಿಗೆ ಕಾಣುತ್ತದೆ, ಕೊಳವೆಯಿಂದ ಎಳೆಯುವುದು ಸುಲಭ.

ಪ್ಲೆಕೊವನ್ನು ದೊಡ್ಡ ಟ್ಯಾಂಕು ಇದ್ದವರಿಗೆ ಕೊಟ್ಟರು. ಸಾಮಾನ್ಯ ಪ್ಲೆಕೊ 30 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, 60 ಸೆಂಟಿಮೀಟರ್ ಟ್ಯಾಂಕಿನಲ್ಲಿ ಅದು ತಿರುಗುವುದೇ ಕಷ್ಟ. ಕ್ಯಾಟ್‌ಫಿಶ್ ಅಂತ ಮಾರುವುದೆಲ್ಲ ಪುಟ್ಟದಲ್ಲ. ಬೆರಳುದ್ದದ ಮರಿಯಾಗಿ ಸಿಗುವ ರೆಡ್‌ಟೇಲ್ ಕ್ಯಾಟ್‌ಫಿಶ್, "ಶಾರ್ಕ್" ಅಂತ ಮಾರುವ ಪಂಗಾಸಿಯಸ್, ಎರಡೂ ಒಂದು ಮೀಟರ್ ಮುಟ್ಟುವ ಜಾತಿ. ರೆಡ್‌ಟೇಲ್ ಅಂತೂ ಬಾಯಿಗೆ ಹಿಡಿಯುವ ಮೀನನ್ನೆಲ್ಲ ನುಂಗುತ್ತದೆ.

ಮೂರು ತಿಂಗಳ ನಂತರ

ಎರಡು ಮೀನಿನ ಮೀಸೆ ಮತ್ತೆ ಬೆಳೆದಿದೆ. ಮೊದಲಿನಷ್ಟು ಉದ್ದ ಅಲ್ಲ, ಆದರೂ ಚೆನ್ನಾಗಿ ಕಾಣುತ್ತದೆ. ಬುಡದವರೆಗೂ ಸವೆದುಹೋಗಿದ್ದ ಮೂರನೆಯದಕ್ಕೆ ಬರಲಿಲ್ಲ, ಬರುವ ಹಾಗೂ ಕಾಣುವುದಿಲ್ಲ. ಅದು ಆಹಾರ ಹುಡುಕಲು ಉಳಿದವುಗಳಿಗಿಂತ ತುಸು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಹಾಗಾಗಿ ಗುಳಿಗೆಯನ್ನು ಒಂದೇ ಕಡೆ ಹಾಕದೆ ಮೂರು ಕಡೆ ಹಾಕುತ್ತಾರೆ. ಹೊಟ್ಟೆ ದುಂಡಗಿದೆ, ಅಷ್ಟು ಸಾಕು. ನೈಟ್ರೇಟ್ 20ರ ಆಸುಪಾಸು, ಪಿಎಚ್ 7.4ರಲ್ಲಿ ನಿಂತಿದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಗುತ್ತಿದೆ, ಯಾರೂ ಸತ್ತಿಲ್ಲ.

ಮೂರೇ ಕೋರಿ ಅಂದರೆ ಕಡಿಮೆ. ಇವು ಗುಂಪಿನ ಮೀನು, ಅದೂ ಒಂದೇ ಜಾತಿಯ ಆರಾದರೂ ಇರಬೇಕು. ಎರಡು ಕಂಚಿನದು ಎರಡು ಪಾಂಡಾ ಎರಡು ಚುಕ್ಕೆಯದು ಅಂತ ಸೇರಿಸಿ ಆರು ಮಾಡಿದರೆ ಲೆಕ್ಕಕ್ಕೆ ಬರುವುದಿಲ್ಲ. ನೀರಿನ ಅಳತೆಗಳು ಒಂದೇ ಕಡೆ ನಿಂತ ಮೇಲೆ, ಬೇರೆ ಡಬ್ಬಿಯಲ್ಲಿ ಕೆಲವು ವಾರ ಇಟ್ಟು ನೋಡಿ, ಇನ್ನೂ ನಾಲ್ಕು ಕಂಚಿನ ಕೋರಿ ಸೇರಿಸಿದರು. ಆಮೇಲೆ ಹಗಲಲ್ಲೂ ಹೊರಗೆ ಬರುತ್ತವೆ, ಒಟ್ಟಿಗೆ ಸಾಲಾಗಿ ಗಾಜಿನುದ್ದಕ್ಕೂ ಓಡಾಡುತ್ತವೆ.

ಸಾಗಿಸುವಾಗ ಬಲೆ ಬಳಸಬೇಡಿ ಅಂತ ಹೇಳಿದ್ದೆ. ಕೋರಿಯ ಬೆನ್ನಿನ ಮತ್ತು ಎದೆಯ ರೆಕ್ಕೆಗಳ ಮುಂದಿನ ಮುಳ್ಳು ಹೆದರಿದಾಗ ಅಗಲವಾಗಿ ನಿಂತು ಬಿಗಿದುಕೊಳ್ಳುತ್ತದೆ, ಬಲೆಯಲ್ಲಿ ಸಿಕ್ಕಿದರೆ ಬಿಡಿಸಲು ಹೋಗಿ ರೆಕ್ಕೆ ಹರಿಯುತ್ತದೆ. ಆ ಮುಳ್ಳಿನಲ್ಲಿ ಸ್ವಲ್ಪ ವಿಷವೂ ಇದೆ, ಕೈಗೆ ಚುಚ್ಚಿದರೆ ಉರಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತುವುದು ಒಳ್ಳೆಯದು. ತುಂಬಾ ಹೆದರಿದ ಕೋರಿ ಚೀಲದೊಳಗೆ ವಿಷ ಬಿಟ್ಟು ಆ ನೀರಿನಲ್ಲಿ ತಾನೇ ಸಾಯುವುದೂ ಉಂಟು. ಚೀಲದಲ್ಲಿ ನೊರೆ ಕಂಡರೆ ಕಾಯಬೇಡಿ, ಕೂಡಲೇ ಬೇರೆ ನೀರಿಗೆ ಹಾಕಿ.

ಈಗ ಮನೆಯವರ ಹೊಸ ಪ್ರಶ್ನೆ, ಪಕ್ಕದ ಕೋಣೆಯಲ್ಲಿ ಇನ್ನೊಂದು ಟ್ಯಾಂಕಿಟ್ಟು ಪಾಂಡಾ ಕೋರಿ ಸಾಕಬಹುದಾ ಅಂತ. ಆ ಕೋಣೆಯಲ್ಲಿ ಹೀಟರ್ ಇಲ್ಲದೆಯೇ ನೀರು 27 ದಾಟುತ್ತದೆ. ಪಾಂಡಾಕ್ಕೆ 20ರಿಂದ 25 ಹಿತ, ಚುಕ್ಕೆಯ ಪಲಿಯಾಟಸ್ ಇನ್ನೂ ತಂಪು ಬೇಡುವ ಮೀನು. ಸ್ಟರ್ಬೈ ಕೋರಿ ನೋಡಿ ಅಂದಿದ್ದೇನೆ, ಅದು 28ರವರೆಗೂ ಆರಾಮಾಗಿರುತ್ತದೆ. ಆದರೆ ಮೊದಲು ಟ್ಯಾಂಕಿಗೆ ನೀರು ತುಂಬಿ, ಹಳೆ ಫಿಲ್ಟರಿನ ಸ್ಪಂಜಿನ ತುಂಡೊಂದನ್ನು ಅದಕ್ಕೆ ಹಾಕಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಲ್ಲಿ ನಿಲ್ಲುವವರೆಗೆ ಮೀನು ತರಬೇಡಿ ಅಂತಲೂ ಹೇಳಿದ್ದೇನೆ.